ಹೊಟ್ಟಿನೊಳಗಿನ ದನಿ

ಆ ಮನೆಯಲ್ಲಿ ಮೂವರು ಹೆಂಗಸರಿದ್ದರು, ಒಬ್ಬ ಗಂಡಸಿನ ದನಿ ಇತ್ತು.

ಗಂಡಸು ಹೋಗಿ ನಾಲ್ಕು ತಿಂಗಳಾಗಿತ್ತು. ಜ್ವರವೆಂದು ಒಂದು ಮಧ್ಯಾಹ್ನ ಮಲಗಿದವನು ಮೂರನೆಯ ದಿನ ಆಸ್ಪತ್ರೆಯ ಮಂಚದ ಮೇಲೆ, ಬ್ಯಾಟರಿ ಚಾರ್ಜಿಗೆ ಹಾಕಿದ್ದೀರಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋಗಿದ್ದ. ದನಿಯನ್ನು ಮಾತ್ರ ಮರೆತು ಬಿಟ್ಟುಹೋಗಿದ್ದ. ಅದು ಮುಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಕಂಪ್ಯೂಟರಿಗೆ ಬಾಲದಂತೆ ಜೋತುಬಿದ್ದ ಮೂರು ಹಾರ್ಡ್ ಡಿಸ್ಕುಗಳೊಳಗೆ ಕೂತಿತ್ತು.

ಅವನು ವಿಡಿಯೋ ತೆಗೆಯುವವನು. ಮದುವೆ, ಶಾಲೆಯ ವಾರ್ಷಿಕೋತ್ಸವ, ನಿವೃತ್ತಿಯ ಬೀಳ್ಕೊಡುಗೆ, ಯಾರು ಕರೆದರೂ ಹೋಗುತ್ತಿದ್ದ. ಜೊತೆಯಲ್ಲಿ ಹೆಂಡತಿ ಹೋಗಿ ಲೈಟು ಹಿಡಿಯುತ್ತಿದ್ದಳು. ತಂಗಿ ಮನೆಯಲ್ಲೇ ಕೂತು ಎಡಿಟಿಂಗ್ ಮಾಡುತ್ತಿದ್ದಳು. ಕತ್ತರಿಸುವುದೇ ಕೆಲಸವಾದ್ದರಿಂದ ತಂಗಿಗೆ ‘ಕತ್ತರಿ’ ಎಂದು ಅವನೇ ಹೆಸರಿಟ್ಟಿದ್ದ. ಕೆಲಸದ ಜಾಗದಲ್ಲಿ ಹೆಂಡತಿಯನ್ನು ಕೂಗುತ್ತಿದ್ದದ್ದು ‘ಲೈಟು’ ಎಂದು. ಹೆತ್ತ ತಾಯಿಯನ್ನು ಮಾತ್ರ ‘ಅಕ್ಕ’ ಅನ್ನುತ್ತಿದ್ದ. ಅವನು ಮಾತು ಕಲಿಯುವಾಗ ಮನೆ ತುಂಬ ಸೋದರಮಾವಂದಿರು. ಅವರು ಅಕ್ಕಾ ಅಕ್ಕಾ ಎಂದು ಕೂಗುವುದನ್ನು ಕೇಳಿ ಮಗುವೂ ಅದನ್ನೇ ಹಿಡಿದಿತ್ತು. ತಂಗಿ ಹುಟ್ಟುವ ಹೊತ್ತಿಗೆ ಮಾವಂದಿರು ದಿಕ್ಕಿಗೊಬ್ಬರಾಗಿದ್ದರು, ಹಾಗಾಗಿ ಅವಳು ‘ಅಮ್ಮ’ ಎಂದಳು. ಹೀಗೆ ಒಬ್ಬಳೇ ಹೆಂಗಸು ಒಬ್ಬನಿಗೆ ಅಕ್ಕ, ಒಬ್ಬಳಿಗೆ ಅಮ್ಮ.

ಕತ್ತರಿಯ ಕೆಲಸಕ್ಕೊಂದು ಕ್ರಮವಿತ್ತು. ಕ್ಯಾಮೆರಾದ ಕಾರ್ಡಿನಿಂದ ಇಳಿಸಿದ ಫುಟೇಜನ್ನು ದಿನ, ಹೊತ್ತು, ಜಾಗ ನೋಡಿ ಬೇರೆಬೇರೆ ಮಾಡುವುದು. ಒಂದೊಂದೇ ಕ್ಲಿಪ್ ತೆರೆದು ತಲೆ-ಬಾಲ ಟ್ರಿಮ್ ಮಾಡುವುದು. ಬೇಕಾದದ್ದು ‘ಕಾಳು’ ಎಂಬ ಫೋಲ್ಡರಿಗೆ, ಬೇಡವಾದದ್ದು ‘ಹೊಟ್ಟು’ ಎಂಬ ಫೋಲ್ಡರಿಗೆ. ಗಿರಾಕಿ ಒಪ್ಪಿಕೊಂಡ ಮೇಲೆ ಹೊಟ್ಟನ್ನು ಅಳಿಸಿಬಿಡುವುದು.

ಕ್ಯಾಮೆರಾದ ಹಿಂದಿನವನ ದನಿ ಯಾವ ಗಿರಾಕಿಗೂ ಬೇಡ. ಆದರೆ ಅಣ್ಣನಿಗೆ ಕ್ಯಾಮೆರಾ ಬೇಗ ಹಚ್ಚಿ ತಡವಾಗಿ ಆರಿಸುವ ಚಾಳಿ. ತಲೆಯಲ್ಲಿ ‘ಹಾಂ, ಬರಲಿ’ ಎನ್ನುವುದು, ಬಾಲದಲ್ಲಿ ಹರಟೆ, ಕೆಮ್ಮು, ನಗು. ಬದುಕಿದ್ದಾಗ ಅದಕ್ಕೇ ವಾರಕ್ಕೊಂದು ಜಗಳ.

“ಅಣ್ಣ, ನಿನ್ನ ಹರಟೆ ಕತ್ತರಿಸಿ ಕತ್ತರಿಸಿ ನನ್ನ ಬೆರಳು ಸವೀತಿದೆ.”

“ಕತ್ತರಿ ಸವೆದ್ರೆ ಸಾಣೆ ಹಿಡಿಸೋಣ ಬಿಡೇ.”

ಈಗ ಮೂರು ಸಮಾರಂಭಗಳ ಕೆಲಸ ಅರ್ಧಕ್ಕೆ ನಿಂತಿತ್ತು. ನಿವೃತ್ತರಾದ ಮೇಷ್ಟ್ರೊಬ್ಬರು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. “ಅವಸರ ಏನಿಲ್ಲಮ್ಮ, ನಿಧಾನಕ್ಕೆ ಮಾಡು. ನನ್ನ ಭಾಷಣ ಮಾತ್ರ ಕತ್ತರಿಸಬೇಡ.” ಭಾಷಣ ಐವತ್ತು ನಿಮಿಷವಿತ್ತು. ಸಭೆಯಲ್ಲಿ ಕೂತಿದ್ದವರ ಆಕಳಿಕೆ ಕತ್ತರಿಸುವುದೇ ಒಂದು ದಿನದ ಕೆಲಸ.

ಆ ಕೆಲಸ ಹಿಡಿದಾಗಲೇ ಕತ್ತರಿಗೆ ತಿಳಿದದ್ದು, ಅಣ್ಣ ಇರುವುದೆಲ್ಲ ಹೊಟ್ಟಿನಲ್ಲೇ ಎಂದು. ಕಾಳಿನಲ್ಲಿ ಊರವರೆಲ್ಲ ಇದ್ದರು, ಅವನೊಬ್ಬನಿರಲಿಲ್ಲ.

*

ತಾಯಿ ಊಟ ಬಿಟ್ಟಿದ್ದಳು. ಪೂರ್ತಿ ಬಿಟ್ಟಿದ್ದರೆ ಗದರಿಸಬಹುದಿತ್ತು. ಅವಳು ತಟ್ಟೆಗೆ ಬಡಿಸಿಕೊಂಡು, ಅನ್ನ ಕಲಸಿ, ಎರಡು ತುತ್ತು ಬಾಯಿಗಿಟ್ಟು, ಉಳಿದದ್ದನ್ನು ತಟ್ಟೆಯಲ್ಲೇ ಆ ಕಡೆಯಿಂದ ಈ ಕಡೆಗೆ ದೂಡುತ್ತ ಕೂತಿರುತ್ತಿದ್ದಳು. ರವಿಕೆ ತೋಳು ಸಡಿಲವಾಗಿತ್ತು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು.

“ಅತ್ತೆ, ಇನ್ನೊಂದು ಚೂರು ಹಾಕ್ಲಾ?” ಎಂದು ಅತ್ತಿಗೆ ಕೇಳಿದರೆ,

“ಇದನ್ನೇ ಮುಗಿಸೋರು ಯಾರು?”

“ನೀವೇ.”

“ನನ್ನ ಹೊಟ್ಟೆ ಅಳತೆ ನಿನಗೆ ಗೊತ್ತಾ? ನೀನು ಉಣ್ಣು.”

ಅತ್ತಿಗೆ ಪಾತ್ರೆ ಎತ್ತುತ್ತಿದ್ದಳು. ಕತ್ತರಿ ಇಬ್ಬರ ನಡುವೆ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವಳು ಮಾತಾಡುವವಳಲ್ಲ. ಬೇರೆಯವರ ಮಾತನ್ನು ಸರಿಯಾದ ಜಾಗಕ್ಕೆ ಕೂರಿಸಿ ಅಭ್ಯಾಸವಾಗಿ, ತನ್ನ ಮಾತು ಯಾವ ಜಾಗಕ್ಕೂ ಹೊಂದುವುದಿಲ್ಲವೇನೋ ಅನ್ನಿಸುತ್ತಿತ್ತು.

ಒಂದು ದಿನ ಮಧ್ಯಾಹ್ನ ಹೆಡ್‌ಫೋನಿನ ವೈರು ಕಳಚಿಕೊಂಡದ್ದು ಅವಳಿಗೆ ಗೊತ್ತಾಗಲಿಲ್ಲ. ಕ್ಲಿಪ್ಪಿನ ಬಾಲ ಹುಡುಕಿ ಒತ್ತಿದಳು. ಸ್ಪೀಕರಿನಿಂದ ಅಣ್ಣನ ದನಿ ಮನೆ ತುಂಬ ಕೂಗಿತು.

“ಅಕ್ಕಾ!”

ಕತ್ತರಿ ಗಾಬರಿಯಿಂದ ಕ್ಲಿಪ್ ಅಲ್ಲಿಗೇ ನಿಲ್ಲಿಸಿದಳು. ಅಡುಗೆಮನೆಯಲ್ಲಿ ಸೌಟು ನೆಲಕ್ಕೆ ಬಿತ್ತು. ತಾಯಿ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತಳು. ಮಗ ಹೊರಗಿನಿಂದ ಬಂದು ಚಪ್ಪಲಿ ಬಿಡುವಾಗ ನಿಲ್ಲುತ್ತಿದ್ದ ಹಾಗೆ.

“ಬಂದೆ,” ಎಂದಳು. ಆಮೇಲೆ, “ಯಾರು ಕರೆದದ್ದು?”

ಪರದೆಯ ಮೇಲೆ ಖಾಲಿ ಸಭಾಭವನದ ನೆಲ ಕಾಣುತ್ತಿತ್ತು. ಅಣ್ಣ ಕರೆದದ್ದು ಮೇಷ್ಟ್ರ ಹೆಂಡತಿಯನ್ನು. “ಅಕ್ಕಾ, ನೀವು ಊಟ ಮಾಡಿ, ಆಮೇಲೆ ಎಲ್ಲರದ್ದೂ ಒಂದು ಗುಂಪು ತೆಗೀತೀನಿ,” ಎನ್ನುವುದು ಪೂರ್ತಿ ಮಾತು.

ತಾಯಿಯ ಮುಖ ನೋಡಿ ಕತ್ತರಿಯ ಬಾಯಿಂದ ಸುಳ್ಳು ತಾನಾಗಿ ಜಾರಿತು. “ಅಣ್ಣ ಅಮ್ಮ. ಯಾವುದೋ ಹಳೇ ಕ್ಲಿಪ್ಪಲ್ಲಿ ನಿನ್ನ ಕರೆದದ್ದು ಸಿಕ್ತು.”

“ಕರೆದು ಏನಂದ?”

“ತಡಿ, ಹುಡುಕ್ತೀನಿ.”

ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ‘ನೀವು’ ಕತ್ತರಿಸಿದಳು. ‘ಆಮೇಲೆ’ಯಿಂದ ಮುಂದಿನದ್ದೆಲ್ಲ ಕತ್ತರಿಸಿದಳು. ಎರಡು ಚೂರನ್ನು ಸೇರಿಸಿ, ಬೆಸುಗೆ ಕೇಳದಂತೆ ನಡುವೆ ಒಂದಿಷ್ಟು ಗಾಳಿಯ ಸದ್ದು ತುಂಬಿದಳು. ತಾಯಿ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತಳು. ಕಪ್ಪು ಪರದೆಯಿಂದ ಅಣ್ಣ ಹೇಳಿದ:

“ಅಕ್ಕಾ... ಊಟ ಮಾಡಿ.”

ತಾಯಿಯ ಕಣ್ಣು ತುಂಬಿಬಂದವು. ಅಂದು ತಟ್ಟೆಯನ್ನು ಅಲ್ಲಿಗೇ ತಂದುಕೊಂಡು ಅರ್ಧದಷ್ಟು ತಿಂದಳು. ಕೈ ತೊಳೆಯಲು ಏಳುವಾಗ ಮಾತ್ರ ಅವಳ ಹುಬ್ಬು ಗಂಟಾಯಿತು.

“‘ಮಾಡಿ’ ಅಂತಾನಲ್ಲೇ.”

“ಅಂದ್ರೆ?”

“ನನಗ್ಯಾವತ್ತು ಅವನು ‘ಮಾಡಿ’ ಅಂದಿದ್ದ? ಬಾ ಹೋಗು ಅಂತಿದ್ದವನು. ಯಾರೋ ಹೊರಗಿನೋಳಿಗೆ ಹೇಳಿದ ಹಾಗಿದೆ. ಕೋಪ ಮಾಡ್ಕೊಂಡಿದ್ನಾ ಆವತ್ತು?”

“ತಮಾಷೆಗೆ ಅಂದಿರ್ತಾನೆ.”

ಮಾರನೆಯ ದಿನ ತಾಯಿ ಮತ್ತೆ ಎರಡೇ ತುತ್ತಿಗೆ ಎದ್ದಳು. “ಅಷ್ಟು ದೂರ ಹೋದ ಮೇಲೆ ಬಹುವಚನವೇ ಬರುತ್ತೇನೋ,” ಎಂದು ತನ್ನಷ್ಟಕ್ಕೇ ಅಂದುಕೊಂಡು ನಲ್ಲಿಯ ಕೆಳಗೆ ತಟ್ಟೆ ಹಿಡಿದಳು. ಆ ಮಾತು ಕೇಳಿ ಕತ್ತರಿ ಮತ್ತೆ ಕಂಪ್ಯೂಟರಿನ ಮುಂದೆ ಕೂತಳು.

*

ಏಕವಚನ ಬೇಕಾಗಿತ್ತು. ಡಿಸ್ಕುಗಳನ್ನೆಲ್ಲ ಜಾಲಾಡಿದಳು. ಸಮಾರಂಭಗಳಲ್ಲಿ ಅಣ್ಣ ಎಲ್ಲರಿಗೂ ಬನ್ನಿ, ಕೂತ್ಕೊಳ್ಳಿ, ಸ್ವಲ್ಪ ನಗಿ. ಬಾ, ಕೂತ್ಕೋ, ನಗು ಎನ್ನುವುದು ಒಬ್ಬಳಿಗೆ ಮಾತ್ರ. ಎಲ್ಲರೂ ಹೋದ ಮೇಲೆ, ಕ್ಯಾಮೆರಾ ಆರಿಸಲು ಮರೆತ ಬಾಲಗಳಲ್ಲಿ, ಅವನು ಹೆಂಡತಿಯ ಜೊತೆ ಮಾತಾಡುತ್ತಿದ್ದ.

“ಏ ಲೈಟು, ಮೊದಲು ಊಟ ಮಾಡು. ವೈರು ಆಮೇಲೆ ಸುತ್ತೋಣ.”

ಕತ್ತರಿ ಮೌಸಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಳು. ಅತ್ತಿಗೆ ಆಗ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಒದ್ದೆ ಬಟ್ಟೆ ಝಾಡಿಸುವ ಸದ್ದು ಕೇಳುತ್ತಿತ್ತು. ಕತ್ತರಿ ‘ಏ ಲೈಟು’ ಕತ್ತರಿಸಿದಳು. ಆ ಜಾಗದಲ್ಲಿ ‘ಅಕ್ಕಾ’ ಕೂರಿಸಿದಳು.

“ಅಕ್ಕಾ, ಮೊದಲು ಊಟ ಮಾಡು.”

ತಾಯಿ ಮೂರು ಸಲ ಹಾಕಿಸಿ ಕೇಳಿದಳು. “ಈಗ ನೋಡು, ಇದು ನನ್ನ ಮಗ,” ಎಂದಳು. ತಟ್ಟೆ ಖಾಲಿಯಾಯಿತು.

ಅಲ್ಲಿಂದ ಅದು ದಿನಚರಿಯಾಯಿತು. ಅತ್ತಿಗೆಗೆ ಹಗಲೆಲ್ಲ ಪಕ್ಕದ ಬೀದಿಯ ಫೋಟೊ ಅಂಗಡಿಯಲ್ಲಿ ಕೆಲಸ. ಅವಳು ಅತ್ತ ಹೋದದ್ದೇ ತಾಯಿ ತಟ್ಟೆ ಹಿಡಿದು ಸ್ಟೂಲಿಗೆ ಬರುವಳು. “ಇವತ್ತೇನು ಸಿಕ್ತು?” ಕತ್ತರಿ ಬೆಳಗಿನ ಹೊತ್ತು ಚೂರು ಆರಿಸುವಳು. ‘ಹಾಲು ಕುಡಿ.’ ‘ಸೊಂಟ ಹೇಗಿದೆ?’ ‘ಬಿಸಿಲಲ್ಲಿ ನಿಲ್ಲಬೇಡ.’ ಎಲ್ಲ ಅಣ್ಣನದ್ದೇ ಮಾತು, ಒಂದೂ ಅಣ್ಣ ಆಡಿದ್ದಲ್ಲ. ತಾಯಿಯ ಕೆನ್ನೆಗೆ ಬಣ್ಣ ಬಂತು. ಕತ್ತರಿಯ ಮುಖ ಇಳಿಯಿತು. ಕೆಲಸವಿಲ್ಲದಾಗಲೂ ಅವಳ ಕಿವಿಯಲ್ಲಿ ತುಂಡು ಮಾತು ಓಡಾಡುತ್ತಿತ್ತು. ಸ್ನಾನದ ನೀರು ಸುರಿಯುವಾಗ ‘ಮಾಡು’, ಮೆಟ್ಟಿಲು ಇಳಿಯುವಾಗ ‘ಅಕ್ಕಾ’. ಅಣ್ಣ ಬದುಕಿದ್ದಾಗ ಹೇಗೆ ಮಾತಾಡುತ್ತಿದ್ದನೆಂದು ನೆನೆಯಲು ಹೋದರೆ ತಾನು ಹೊಲಿದ ಮಾತೇ ಮೊದಲು ಬರುತ್ತಿತ್ತು.

*

ಐದನೆಯ ವಾರ ಒಂದು ರಾತ್ರಿ ಅತ್ತಿಗೆ ಊಟದ ಹೊತ್ತಿಗೆ ಬಂದು ಕೂತಳು.

“ಅತ್ತೆ, ಒಂದು ಮಾತು. ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ದೊಡ್ಡ ಸಭಾಭವನ. ಕ್ಯಾಮೆರಾ ಹಿಡಿಯೋ ಕೆಲಸಾನೇ.”

“ಲೈಟು ಹಿಡೀತಿದ್ದೋಳು ನೀನು.”

“ಹಿಡೀತಾ ಹಿಡೀತಾ ಅದನ್ನೂ ಕಲಿತೆ. ಅವರೇ ಕಲಿಸಿದ್ರು. ಆದ್ರೆ ಕ್ಯಾಮೆರಾ ನಾವೇ ತರಬೇಕಂತೆ.”

ತಾಯಿ ತುತ್ತು ಕೆಳಗಿಟ್ಟಳು. “ಯಾವ ಕ್ಯಾಮೆರಾ?”

“ಮನೇಲಿ ಇರೋದು ಒಂದೇ ತಾನೆ.”

“ಅದು ಹೊಸಲು ದಾಟಲ್ಲ. ಅವನ ಕಣ್ಣು ಅದು.”

“ಕಣ್ಣಿಗೆ ಧೂಳು ಕೂರ್ತಿದೆ ಅತ್ತೆ. ಐದು ತಿಂಗಳಿಂದ ಬೀರು ಮೇಲಿದೆ.”

“ನಿನಗೆ ಹೋಗೋ ಅವಸರ ಇದ್ರೆ ಹೋಗು. ಮೂವತ್ತು ತುಂಬಿಲ್ಲ, ಕಟ್ಟಿಹಾಕೋಕೆ ನಾನ್ಯಾರು? ಅದನ್ನ ಮುಟ್ಟಬೇಡ.”

“ಅದಿಲ್ದೆ ಹೋಗಿ ಅಲ್ಲೇನು ಕೈ ಬೀಸಲಾ?”

ತಾಯಿ ಕತ್ತರಿಯ ಕಡೆ ತಿರುಗಿದಳು. “ಅವನು ಈ ವಿಷಯಕ್ಕೂ ಏನಾದ್ರೂ ಅಂದೇ ಇರ್ತಾನೆ. ನೀನು ಹುಡುಕು. ಅವನು ಹೋಗು ಅಂದ್ರೆ ಹೋಗ್ಲಿ, ಬೇಡ ಅಂದ್ರೆ ಇಲ್ಲ.”

ಅತ್ತಿಗೆಗೆ ಅರ್ಥವಾಗಲಿಲ್ಲ. “ಹುಡುಕೋದೇನು?” ಎಂದಳು. ಕತ್ತರಿ ನೀರು ತರುವ ನೆಪದಲ್ಲಿ ಎದ್ದುಹೋದಳು.

ಎರಡು ದಿನ ಅವಳು ಹೊಟ್ಟಿನ ಫೋಲ್ಡರ್ ತೆರೆದು ಕೂತಳು. ‘ಹೋಗು’ ಎನ್ನುವ ಚೂರು ಏಳಿದ್ದವು. ‘ಹೋಗಬೇಡ’ ಒಂದೇ. ಏಳನ್ನೂ ಕೇಳಿದಳು. ಅತ್ತಿಗೆ ಹೋದರೆ ಈ ಮನೆಯಲ್ಲಿ ತಾನು, ಅಮ್ಮ, ಕಪ್ಪು ಪರದೆ ಅಷ್ಟೇ ಉಳಿಯುವುದೆಂದು ನೆನೆದಳು. ಅವಳ ಕೈ ಆ ಒಂದೇ ‘ಹೋಗಬೇಡ’ವನ್ನು ಎಳೆದುಕೊಂಡಿತು. ಅದೊಂದೇ ಸಾಲದೆನಿಸಿತು. ಇನ್ನೊಂದು ಕ್ಲಿಪ್ಪಿನಲ್ಲಿ ಅಣ್ಣ, “ಆ ಚಿಕ್ಕ ಲೆನ್ಸು ಯಾವಾಗ್ಲೂ ಮನೇಲಿ ಇರುತ್ತೆ,” ಎಂದಿದ್ದ. ಅದರಿಂದ ‘ಮನೇಲಿ ಇರು’ ತೆಗೆದುಕೊಂಡು ‘ತ್ತೆ’ಯನ್ನು ಕತ್ತರಿಸಿದಳು.

ಭಾನುವಾರ ಮೂವರೂ ಮನೆಯಲ್ಲಿದ್ದರು. ತಾಯಿ ಅತ್ತಿಗೆಯನ್ನು ಕೈಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. “ಕೇಳು. ನಾನು ಹೇಳಿದ್ರೆ ಅತ್ತೆ ಕಾಟ ಅಂತೀಯ.” ಕತ್ತರಿ ಒತ್ತಿದಳು. ಕಪ್ಪು ಪರದೆಯಿಂದ ಅಣ್ಣನ ದನಿ ಬಂತು:

“ಹೋಗಬೇಡ... ಮನೇಲಿ ಇರು.”

ಅತ್ತಿಗೆ ಬಿಳಿಚಿಕೊಂಡಳು. ಬಾಯಿಗೆ ಅಂಗೈ ಒತ್ತಿಕೊಂಡಳು. ಆಮೇಲೆ ಅವಳು ಕೈ ತೆಗೆದು, “ಇನ್ನೊಂದು ಸಲ ಹಾಕು,” ಎಂದಳು. ಹಾಕಿದ್ದಾಯಿತು. ಕಣ್ಣು ಮುಚ್ಚಿ ಕೇಳಿದವಳು ಮೆಲ್ಲಗೆ ಕಣ್ಣು ತೆರೆದು ಕತ್ತರಿಯನ್ನು ನೋಡಿದಳು.

“‘ತ್ತೆ’ ಎಲ್ಲಿ ಹೋಯ್ತು?”

“ಯಾವ ‘ತ್ತೆ’ ಅತ್ತಿಗೆ?”

“ಇರುತ್ತೆ ಅಂದಿದ್ರು. ಲೆನ್ಸಿನ ವಿಷಯ. ನಾನು ಅಲ್ಲೇ ನಿಂತಿದ್ದೆ. ಇನ್ನು ಆ ‘ಹೋಗಬೇಡ’... ಅದೂ ನನಗೇ ಹೇಳಿದ್ದು. ಪೂರ್ತಿ ಹಾಕು.”

“ಅದು...”

“ಹಾಕು ಅಂದೆ.”

ಕತ್ತರಿ ಮೌಸ್ ಎಳೆದುಕೊಂಡಳು. ಮೂಲ ಕ್ಲಿಪ್ ತೆರೆದಳು. ಖಾಲಿ ಕುರ್ಚಿಗಳ ಸಾಲು, ಓರೆಯಾಗಿ ಬಿದ್ದ ಬೆಳಕು, ಅದರ ಹಿಂದಿನಿಂದ ಅಣ್ಣ.

“ಏ ಲೈಟು, ಆ ಕಡೆ ಹೋಗಬೇಡ, ವೈರು ಬಿದ್ದಿದೆ. ಎಡವಿದ್ರೆ ನೀನೂ ಹೋಗ್ತೀಯ, ನನ್ನ ಲೈಟೂ ಹೋಗುತ್ತೆ. ಗೋಡೆ ಪಕ್ಕದಿಂದ ಹೋಗು. ಹಾಂ, ಹಾಗೆ. ಹೋಗು ಹೋಗು, ನಾನು ನೋಡ್ತಿದ್ದೀನಿ.” ಅತ್ತಿಗೆಯ ನಗು. ಅದು ಅಲ್ಲಿಗೆ ಮುಗಿಯಿತು.

ತಾಯಿ ಪರದೆಯನ್ನು ನೋಡುತ್ತ ಕೇಳಿದಳು. “ಹಾಗಾದ್ರೆ ‘ಊಟ ಮಾಡು’?”

ಕತ್ತರಿ ಕ್ಲಿಪ್ ಮುಚ್ಚಿಬಿಟ್ಟಳು.

“ಅದೂ ಇದೆಯಾ?” ಅತ್ತಿಗೆಯ ದನಿ ಕೀರಲಾಯಿತು. “‘ಮೊದಲು ಊಟ ಮಾಡು’? ಅದನ್ನೂ ತಗೊಂಡ್ಯಾ? ದಿನಾ ನಾನು ಆ ಕಡೆ ಹೋಗ್ತಿದ್ದ ಹಾಗೆ ನನ್ನ ಹೆಸರು ಕತ್ತರಿಸಿ, ಮಿಕ್ಕಿದ್ದನ್ನ ಬಡಿಸ್ತಿದ್ಯಾ?”

“ಅಮ್ಮ ಉಣ್ತಿರಲಿಲ್ಲ ಅತ್ತಿಗೆ.”

“ನಾನು ಉಂಡೆನಾ? ಯಾರಾದ್ರೂ ನೋಡಿದ್ರಾ? ನನಗೆ ಅಂತ ಅವರು ಬಿಟ್ಟುಹೋಗಿದ್ದು ಅಷ್ಟೇ ಕಣೇ. ಮನೆ ಅತ್ತೇದು, ಕ್ಯಾಮೆರಾ ಅತ್ತೇದು. ಆ ನಾಲ್ಕು ಏಕವಚನ ಮಾತ್ರ ನಂದು.”

ಅವಳು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ತಾಯಿ ಅದನ್ನು ನೆಟ್ಟಗೆ ನಿಲ್ಲಿಸಿದಳು. ಮಗಳಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಹೋಗಿ ತನ್ನ ತಟ್ಟೆಯನ್ನು ತೊಳೆದು ಬೋರಲು ಹಾಕಿದಳು. ಅದರಲ್ಲಿ ಇನ್ನೂ ಉಂಡಿರಲಿಲ್ಲ.

*

ಮೂರು ದಿನ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ತಾಯಿ ಬರೀ ಹಾಲು ಕುಡಿದಳು. ಕತ್ತರಿ ತಾನು ಹೊಲಿದ ಮಾತುಗಳನ್ನೆಲ್ಲ ಬಿಚ್ಚಿದಳು. ‘ಅಕ್ಕಾ’ ಮೇಷ್ಟ್ರ ಹೆಂಡತಿಗೆ ಮರಳಿತು, ‘ತ್ತೆ’ ಲೆನ್ಸಿಗೆ ಮರಳಿತು. ಎಲ್ಲದರ ತಲೆ-ಬಾಲ ಕೂಡಿಸಿ, ಅತ್ತಿಗೆಗೆ ಹೇಳಿದ್ದನ್ನೆಲ್ಲ ಒಂದು ಪುಟ್ಟ ಡಿಸ್ಕಿಗೆ ತುಂಬಿ, ನಾಲ್ಕನೆಯ ದಿನ ಅವಳ ಮುಂದಿಟ್ಟಳು.

“ನಿಮ್ಮದು. ಒಂದಕ್ಷರ ಬಿಟ್ಟಿಲ್ಲ.”

ಅತ್ತಿಗೆ ಅದನ್ನು ಮುಟ್ಟಿ ನೋಡಿದಳು, ಬಿಸಿಯಿದೆಯೇನೋ ಎಂಬಂತೆ. ಹಿಂದಿನಿಂದ ತಾಯಿ ಹೇಳಿದಳು: “ನಿನ್ನದೇ ಇರಲಿ. ನಿನ್ನ ಮನಸ್ಸು ಒಪ್ಪಿದ್ರೆ, ಒಂದು ಸಲ ನನಗೂ ಪೂರ್ತಿ ಕೇಳಿಸು.”

ಅತ್ತಿಗೆ ಸರಿದು ಜಾಗ ಕೊಟ್ಟಳು.

ಮೂವರೂ ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು ಕೇಳಿದರು. ಅಣ್ಣ ಹೆಂಡತಿಯನ್ನು ರೇಗಿಸಿದ. ಮದುಮಗನ ಮೀಸೆಯನ್ನು ಅಣಕಿಸಿದ. ಯಾರದೋ ಕೊಳಲು, ಪಿಟೀಲುಗಳನ್ನು ಬಾಯಲ್ಲೇ ನುಡಿಸಿದ.

“ಇವನು ಇಷ್ಟು ನಗಿಸ್ತಿದ್ನಾ?” ತಾಯಿ ಕೇಳಿದಳು.

“ನಿಮಗೆ ಗೊತ್ತಿರಲಿಲ್ವಾ ಅತ್ತೆ?”

“ನನ್ನ ಹತ್ರ ಬ್ಯಾಟರಿ, ನೆಗಡಿ, ನಾಳೆ ಎಷ್ಟು ಹೊತ್ತಿಗೆ ಎಬ್ಬಿಸು. ಅಷ್ಟೇ.” ಸ್ವಲ್ಪ ಹೊತ್ತಿನ ಮೇಲೆ, “ಇದರಲ್ಲಿ ನಾನು ಎಲ್ಲೂ ಇಲ್ಲ, ಅಲ್ವಾ?” ಎಂದಳು.

ಅತ್ತಿಗೆ ಕೈ ಚಾಚಿ ಕ್ಲಿಪ್ಪನ್ನು ಹಿಂದಕ್ಕೆ ಓಡಿಸಿದಳು. ‘ಏ ಲೈಟು, ಮೊದಲು ಊಟ ಮಾಡು’ ಎನ್ನುವುದಕ್ಕೆ ಮುಂಚೆ ಟಣ್ ಎಂದು ಏನೋ ಬಿಚ್ಚಿದ ಸದ್ದು. “ಕೇಳಿಸ್ತಾ? ಡಬ್ಬಿ ಮುಚ್ಚಳ. ನೀವು ಬೆಳಿಗ್ಗೆ ಎದ್ದು ಕಟ್ಟಿಕೊಟ್ಟಿದ್ದು.”

ತಾಯಿ ಆ ಟಣ್ ಸದ್ದನ್ನು ಇನ್ನೊಮ್ಮೆ ಕೇಳಿದಳು. ಆಮೇಲೆ ಎದ್ದು ಕುರ್ಚಿ ಹತ್ತಿ, ಬೀರುವಿನ ಮೇಲಿದ್ದ ಕ್ಯಾಮೆರಾ ಇಳಿಸಿ, ಸೆರಗಿನಿಂದ ಒರೆಸಿ ಸೊಸೆಯ ಮಡಿಲಿಗಿಟ್ಟಳು.

“ತಗೊಂಡು ಹೋಗು.”

“ಅವರು ‘ಹೋಗು ಹೋಗು’ ಅಂದದ್ದು ಕೇಳಿಸ್ತು ಅಂತಾನಾ?”

“ಅದು ವೈರು ದಾಟೋಕೆ ಹೇಳಿದ್ದು. ಇದು ನಾನು ಹೇಳ್ತಿರೋದು.”

*

ಸೋಮವಾರ ಬೆಳಿಗ್ಗೆ ಅತ್ತಿಗೆ ಹೊರಟಳು. ಕತ್ತರಿಯ ಜೊತೆ ಮಾತು ಇನ್ನೂ ಪೂರ್ತಿ ಕೂಡಿರಲಿಲ್ಲ. ಆಟೋ ಹತ್ತುವಾಗ ಅವಳ ತಲೆಯ ಮೇಲೊಂದು ಮೊಟಕಿ, “ಹೋಗಿ ಬರ್ತೀನಿ, ಕಳ್ಳಿ,” ಎಂದಳು. ಸಿಟ್ಟೋ ಪ್ರೀತಿಯೋ ತಿಳಿಯಲಿಲ್ಲ.

ಮಧ್ಯಾಹ್ನ ಮನೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಮೇಷ್ಟ್ರ ಭಾಷಣದ ಮೂವತ್ತನೆಯ ನಿಮಿಷದಲ್ಲಿದ್ದ ಕತ್ತರಿ, ಸ್ಟೂಲು ಎಳೆದ ಸದ್ದಿಗೆ ತಿರುಗಿದಳು. ತಾಯಿ ಬಂದು ಕೂತಿದ್ದಳು. ಕೈಯಲ್ಲಿ ತಟ್ಟೆಯಿರಲಿಲ್ಲ. ಪರದೆಯ ಕಡೆ ನೋಡಿದಳು. ಅಭ್ಯಾಸ ಬಲದಿಂದ ಕತ್ತರಿಯ ಕೈ ಫೋಲ್ಡರಿನ ಕಡೆ ಹೋಯಿತು. ಅಲ್ಲಿ ಹೊಲಿದ ಮಾತು ಒಂದೂ ಉಳಿದಿರಲಿಲ್ಲ.

“ಅದು ಬೇಡ,” ಎಂದಳು ತಾಯಿ. “ನೀನು ಹೇಳು.”

“ಏನಂತ?”

“ಇಷ್ಟು ದಿನ ಅವನ ಬಾಯಲ್ಲಿ ಹೇಳಿಸಿದ್ದು ನೀನು ತಾನೆ? ಐದು ತಿಂಗಳಲ್ಲಿ ಒಂದು ಸಲ ನಿನ್ನ ಬಾಯಲ್ಲಿ ಅಂದ್ಯಾ? ಅವಳಾದ್ರೂ ದಿನಾ ಕೇಳ್ತಿದ್ಳು.”

ಕತ್ತರಿ ಬಾಯಿ ತೆರೆದಳು. ಕಿವಿಯಲ್ಲಿ ಎಷ್ಟೋ ದಿನದಿಂದ ಸುತ್ತುತ್ತಿದ್ದದ್ದು ಮೊದಲು ಹೊರಬಿತ್ತು. ಅದೇ ಏರು, ಅದೇ ಕೊನೆಯ ಎಳೆತ.

“ಅಕ್ಕಾ...”

ತಾಯಿ ಬೆಚ್ಚಿ ಬಾಗಿಲ ಕಡೆ ತಿರುಗಿದಳು. ಕತ್ತರಿಯೂ ತಿರುಗಿದಳು. ಬಾಗಿಲಲ್ಲಿ ಬಿಸಿಲಿತ್ತು. ಇಬ್ಬರೂ ಒಂದು ಕ್ಷಣ ಅದನ್ನೇ ನೋಡಿದರು, ಯಾರೋ ಚಪ್ಪಲಿ ಬಿಡುತ್ತಿರಬಹುದು ಎಂಬಂತೆ. ಆಮೇಲೆ ತಾಯಿ ಮಗಳ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

“ಅದು ಅವನದ್ದು. ನಿನ್ನದು ಹೇಳು.”

ಮಾತು ಒಡೆದು, ಬೆಸುಗೆಯಿಲ್ಲದೆ, ನಡುನಡುವೆ ಬಿಕ್ಕಿಕೊಂಡೇ ಬಂತು.

“ಅಮ್ಮ... ಊಟ ಮಾಡು.”

“ಹೂಂ,” ಎಂದಳು ತಾಯಿ. ಕಣ್ಣು ಒರೆಸಿಕೊಂಡು ಎದ್ದಳು. “ಎರಡು ತಟ್ಟೆ ಹಾಕು.”